ಬೀಗರ ಕಾರಿನ ಅರಿಷಿಣ

ಪಾಲಿಶ್ ಮಶೀನಿಗೆ ಬ್ರಷ್ ಹಾಕಿ ಕಾರಿನ ಸೀಟು ತೊಳೆಯುತ್ತೇನೆ ಅಂದಾಗ ಗೋಕಾಕದ ಗ್ಯಾರೇಜಿನವರು ನಕ್ಕಿದ್ದರು. ಕಾರಿನ ಮೈಗೆ ಹೊಳಪು ಕೊಡುವ ಮಶೀನು ಅದು, ಬಟ್ಟೆಗೆ ಹಿಡಿದರೆ ಚಿಂದಿ ಮಾಡುತ್ತದೆ ಎಂದರು. ನಾನು ವಾದ ಮಾಡಲಿಲ್ಲ. ಅವರಲ್ಲೇ ಒಬ್ಬರು ಮೂಲೆಗೆಸೆದಿದ್ದ ಹಳೇ ಮಶೀನಿನ ವೈರಿಗೆ ಸುತ್ತಿದ್ದ ಟೇಪು ತೋರಿಸಿ ತೋರಿಸಿ ರೇಟು ಇಳಿಸಿದೆ. ಮೇಲೆ ಮೆತ್ತನೆಯ ಗುಂಡು ಬ್ರಷ್ ಒಂದನ್ನು ಪುಗಸಟ್ಟೆ ಹಾಕಿಸಿಕೊಂಡೆ. ನಗುವವರ ಹತ್ತಿರವೇ ಕೊಳ್ಳಬೇಕು, ಅವರಿಗೆ ವಸ್ತುವಿನ ಬೆಲೆ ಗೊತ್ತಿರುವುದಿಲ್ಲ.

ಮೂಡಲಗಿ ರಸ್ತೆಯ ಬಾಜೂ ನನ್ನ ತಗಡಿನ ಶೆಡ್ಡು. ಇಲ್ಲಿಗೆ ಬರುವ ಕಾರುಗಳಲ್ಲಿ ಕಬ್ಬಿನ ಹೊಲದ ಮಣ್ಣು, ಜೋಳದ ಹೊಟ್ಟು, ಒಮ್ಮೊಮ್ಮೆ ಆಡಿನ ಹಿಕ್ಕೆಯೂ ಇರುತ್ತವೆ. ನೀವೂ ಮಾಡುವುದಾದರೆ ಕೇಳಿ: ಮೊದಲು ಒಣ ಧೂಳನ್ನು ವ್ಯಾಕ್ಯೂಮಿನಿಂದ ಪೂರ್ತಿ ಎಳೆಯಬೇಕು, ಇಲ್ಲದಿದ್ದರೆ ಕೆಸರು ಕಲಸಿದಂತೆ. ನೀರು ಸುರಿಯಬಾರದು, ನೊರೆ ಮಾತ್ರ. ಬ್ರಷ್ಷನ್ನು ಸೀಟಿಗೆ ಒತ್ತಿಟ್ಟು ಆಮೇಲೆ ಮಶೀನು ಚಾಲೂ ಮಾಡಬೇಕು, ಅದೂ ಸಣ್ಣ ಸ್ಪೀಡಿನಲ್ಲಿ. ಗಾಳಿಯಲ್ಲಿ ಚಾಲೂ ಮಾಡಿದಿರೋ, ನೊರೆಯೆಲ್ಲ ನಿಮ್ಮ ಮುಖಕ್ಕೇ.

ಲಗ್ನದ ಸೀಜನ್ನಿನಲ್ಲೊಮ್ಮೆ ಕುಲಗೋಡದಿಂದ ಒಬ್ಬ ಹಿರಿಯರು ಹೆಂಡತಿಯನ್ನು ಕರೆದುಕೊಂಡು ಬಂದರು. ಮಗಳ ಲಗ್ನ ಆಗಷ್ಟೇ ಮುಗಿದಿತ್ತು. ಕಾರು ಹುಕ್ಕೇರಿಯ ಬೀಗರದು, ಲಗ್ನದ ಓಡಾಟಕ್ಕೆಂದು ಕೊಟ್ಟಿದ್ದರು. ಅರಿಷಿಣ ಹಚ್ಚಿಸಿಕೊಂಡ ಮದುಮಗಳು ಹಾಗೇ ಹೋಗಿ ಹಿಂದಿನ ಸೀಟಿನಲ್ಲಿ ಕೂತಿದ್ದರಿಂದ ಹಾಲುಬಣ್ಣದ ಬಟ್ಟೆಯ ಮೇಲೆ ಬೆನ್ನು, ಅಂಗೈ ಎಲ್ಲ ಅಚ್ಚೊತ್ತಿತ್ತು. ಅಷ್ಟಕ್ಕೇ ಬಿಟ್ಟಿದ್ದರೆ ಚಿಂತೆಯಿರಲಿಲ್ಲ. ತಾಯಿ ಅರಿವೆ ಒಗೆಯುವ ಸಾಬೂನು ಹಚ್ಚಿ ತಿಕ್ಕಿದ್ದರು. ಅರಿಷಿಣಕ್ಕೆ ಸಾಬೂನು ತಾಗಿದರೆ ಗೊತ್ತಲ್ಲ, ಸೀಟೆಲ್ಲ ಕೆಂಪು ಕೆಂಪು.

ಬಾಗಿಲು ತೆಗೆಯುವ ಮೊದಲೇ ಆ ಹಿರಿಯರು, ಅಂದರೆ ಕಾಕಾ, ನನಗೆ ಹೇಳಿದರು, "ತಂಗೆವ್ವ, ಇದು ರಕ್ತ ಅಲ್ಲ, ಅರಿಷಿಣ. ಪೆಟ್ರೋಲ್ ಹಾಕಾಂವಾ ನನ್ನ ಮಾರಿ ನೋಡಿದ್ದು ನೋಡಿ ಸಾಕಾಗೇತಿ."

ಮರುದಿನ ಹುಕ್ಕೇರಿಯಲ್ಲಿ ಬೀಗರ ಊಟ, ಕಾರನ್ನೂ ಆಗಲೇ ಒಪ್ಪಿಸಬೇಕು. ಮಗಳು ಅಲ್ಲಿಗೆ ಹೋಗಿಯಾಗಿತ್ತು. ಸೀಟು ನೋಡಿ ಬೀಗತಿ ತಮಗೇನೂ ಅನ್ನುವುದಿಲ್ಲ, ಅನ್ನುವುದನ್ನೆಲ್ಲ ದಿನಕ್ಕಿಷ್ಟರಂತೆ ಮಗಳಿಗೆ ಅನ್ನುತ್ತಾಳೆ ಎಂಬುದು ತಾಯಿಯ ಅಂಜಿಕೆ.

ಕಾಕಾ ಗ್ಯಾರಂಟಿ ಕೇಳಿದರು.

"ಹೊಸಾ ಸೀಟ್ ಹಾಕಾವ್ರೂ ಗ್ಯಾರಂಟಿ ಕೊಡೂದಿಲ್ರಿ ಕಾಕಾ," ಅಂದೆ. "ಸಂಜೀ ಮಟಾ ಕಾರ್ ನನ್ನ ಕಡೆ ಇರಲಿ. ನಡುವ ಯಾರೂ ಬಾಯಿ ಹಾಕಬಾರದು. ಕೆಳಗಿನ ಕಾರ್ಪೆಟ್ ಪುಗಸಟ್ಟೆ ತೊಳದು ಕೊಡ್ತೇನಿ."

ಇದು ವ್ಯಾಪಾರದ ಗುಟ್ಟು. ಒಂದು ಕೆಲಸದ ಬಗ್ಗೆ ಅನುಮಾನವಿದ್ದರೆ, ಖಂಡಿತ ಆಗುವ ಇನ್ನೊಂದನ್ನು ಜೊತೆಗೆ ಸೇರಿಸಿಬಿಡಬೇಕು.

ನಿಂಬೆರಸದ ನೀರು ಒರೆಸಿದೆ. ಕೆಂಪು ಹೋಗಿ ಹಳದಿ ತಿರುಗಿ ಬಂತು. ಇದಕ್ಕಾಗಿ ಇಲ್ಲಿಯ ಮಟ ಬರಬೇಕಿತ್ತೇನು, ಹಳದಿ ನಮ್ಮ ಮನೆಯಲ್ಲೇ ಇತ್ತಲ್ಲ ಎಂದು ತಾಯಿ ಗೊಣಗಿದರು. ಕಾಕಾ ಕರಾರು ನೆನಪಿಸಿ ಅವರನ್ನು ಬೇವಿನ ಗಿಡದ ನೆರಳಿಗೆ ಕರೆದೊಯ್ದರು. ಕಾರಿಗೆ ಹಚ್ಚುವ ಸೌಮ್ಯ ಶಾಂಪೂವಿನ ನೊರೆ ಮಾಡಿ ಮಶೀನು ಆಡಿಸಿದೆ. ನೊರೆ ಹಳದಿಯಾದಂತೆಲ್ಲ ಒರೆಸುವುದು, ಮತ್ತೆ ಆಡಿಸುವುದು. ಕೊನೆಗೆ ಒಂದು ಅಂಗೈ ಗುರುತು ಮಾತ್ರ ನೆರಳಿನಂತೆ ಉಳಿಯಿತು. ಅದಕ್ಕೆ ಮಶೀನಿಗಿಂತ ಬಿಸಿಲು ವಾಸಿ. ಮಾತು ಕೊಟ್ಟಂತೆ ಕಾರ್ಪೆಟ್ಟನ್ನೂ ತೊಳೆದು, ಕಾರಿನ ಬಾಗಿಲು ತೆರೆದು ಸೂರ್ಯನಿಗೆ ಎದುರು ನಿಲ್ಲಿಸಿ, ನಾನೂ ಹೋಗಿ ಅವರ ಬುತ್ತಿಯ ರೊಟ್ಟಿಗೆ ಪಾಲುದಾರಳಾದೆ.

ಸಂಜೆಗೆ ಆ ಅಂಗೈ, ಬೇಕೆಂದು ಹುಡುಕಿದವರಿಗೆ ಮಾತ್ರ ಕಾಣುವಷ್ಟಾಯಿತು. ಮೇಲೊಂದು ಟವೆಲ್ ಹಾಸಿರಿ ಎಂದೆ. ತಾಯಿ ಒಪ್ಪಲಿಲ್ಲ. ಟವೆಲ್ ಕಂಡರೆ ಬೀಗತಿ ಮೊದಲು ಅದನ್ನೇ ಎತ್ತಿ ನೋಡುತ್ತಾಳಂತೆ. ಈ ಬುದ್ಧಿ ನನಗೂ ಹೊಳೆದಿರಲಿಲ್ಲ.

ಕೆಲವು ವಾರ ಕಳೆದು ಅದೇ ಕಾರು ಮತ್ತೆ ಶೆಡ್ಡಿನ ಮುಂದೆ. ಕಾಕಾ, ತಾಯಿ ಇಬ್ಬರೂ ಇಳಿದರು. ಒಳಗೆ ಶೇಂಗಾ ಸಿಪ್ಪೆ, ಮಣ್ಣು, ಯಾವುದೋ ಕೂಸು ಕಕ್ಕಿದ ಕಲೆ.

ಕಾಕಾ ಹೇಳಿದ್ದು ಇಷ್ಟು: ಹುಕ್ಕೇರಿಯಲ್ಲಿ ಸೀಟನ್ನು ಯಾರೂ ನೋಡಲೇ ಇಲ್ಲ. ಬೀಗರು ಬಾಗಿಲು ತೆಗೆದು ಕೆಳಗಿನ ಕಾರ್ಪೆಟ್ ನೋಡುತ್ತ ನಿಂತುಬಿಟ್ಟರು. ಅದು ಕಂದು ಬಣ್ಣದ್ದೆಂದೇ ಅವರು ತಿಳಿದಿದ್ದರು, ತೊಳೆದ ಮೇಲೆ ಬೂದಿ ಬಣ್ಣ! ಬೀಗತಿ ಓಣಿಯವರನ್ನು ಕರೆದು ತೋರಿಸಿ, ನಮ್ಮ ಸೊಸೆಯ ತವರಿನವರ ಚೊಕ್ಕತನ ನೋಡಿರಿ ಎಂದರಂತೆ. ಅಂದಿನಿಂದ ಮಗಳಿಗೆ ಆ ಮನೆಯಲ್ಲಿ ಮಾನವೋ ಮಾನ.

"ಆದ್ರ ಕಾರ್ ಹೊಲಸಾದಾಗೊಮ್ಮೆ ಅದರಾಗ ಮಗಳನ್ನ ಕೂಡ್ರಿಸಿ ತವರಮನಿಗೆ ಕಳಸಾಕತ್ತಾರ," ಎಂದರು ಕಾಕಾ. "ಹೋಗೂ ಮುಂದ ಚೊಕ್ಕ ಮಾಡಿ ಕಳಸೂದು ನಮ್ಮ ಪಾಳಿ."

ನಾನು ಸಲಹೆ ಕೊಡದೆ ಇರುವವಳೇ? ಈ ಸಲ ಅರ್ಧಂಬರ್ಧ ತೊಳೆಯೋಣ, ತಾವಾಗಿಯೇ ನಿಲ್ಲಿಸುತ್ತಾರೆ ಎಂದೆ. ಕಾಕಾ ಹೂಂ ಎಂದು ತಲೆ ಆಡಿಸುತ್ತಿದ್ದರು.

ತಾಯಿ ನಡುವೆ ಬಂದರು. "ಹಂಗ ಮಾಡಬ್ಯಾಡವಾ. ಚೊಲೋತ್ನಂಗ ತೊಳಿ. ಕಾರ್ ಲಗೂ ಹೊಲಸಾದ್ರ ಆಕೀನೂ ಲಗೂ ಬರ್ತಾಳ."

ನಾನು ಮಶೀನಿಗೆ ಬ್ರಷ್ ಹಾಕಿದೆ. ಕಾರ್ಪೆಟ್ಟಿನಿಂದಲೇ ಶುರು ಮಾಡಿದೆ.