ಭಾವ ನಿಲ್ಲಿಸಿದ ಸದ್ದು

ನನ್ನ ಭಾವನ ಬಗ್ಗೆ ನಾಲ್ಕು ಒಳ್ಳೆಯ ಮಾತು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ಮನಸ್ಸು ಬರುವುದಿಲ್ಲ. ಕುಡಿಯುವವರಲ್ಲ. ಅಕ್ಕನ ಮೇಲೆ ಒಂದು ದಿನವೂ ಕೈ ಎತ್ತಿದವರಲ್ಲ. ನಲ್ಲಿ ಸೋರಿದರೆ, ಫ್ಯಾನು ಕಿರುಗುಟ್ಟಿದರೆ ಹೊರಗಿನವರನ್ನು ಕರೆದವರಲ್ಲ. ನಾಲ್ಕನೆಯದು ಏನೆಂದು ಇನ್ನೂ ಯೋಚಿಸುತ್ತಿದ್ದೇನೆ.

ಮೂವತ್ತಮೂರು ವರ್ಷ ಅವರು ಕಾಗದದ ಕಾರ್ಖಾನೆಯ ಕಂಟ್ರೋಲ್ ರೂಮಿನಲ್ಲಿದ್ದರು. ಗೋಡೆ ತುಂಬ ದೀಪ, ಒಂದೊಂದಕ್ಕೂ ಒಂದು ಅಲಾರಂ. ದಿನಕ್ಕೆ ನೂರು ಸಲ ಕೂಗಿದರೆ ತೊಂಬತ್ತೆಂಟು ಸಲ ಸುಮ್ಮಸುಮ್ಮನೆ ಕೂಗುತ್ತಿತ್ತಂತೆ. ಹಾಗಾಗಿ ಅಲ್ಲಿ ಕೆಲಸಕ್ಕೆ ಸೇರಿದವರಿಗೆ ಕಲಿಸುವ ಮೊದಲ ಪಾಠವೇ ಗುಂಡಿ ಒತ್ತಿ ಸದ್ದು ನಿಲ್ಲಿಸುವುದು. ಏನಾಗಿದೆ ಎಂದು ನೋಡುವುದು ಆಮೇಲಿನ ಮಾತು. "ಸದ್ದು ನಿಂತ್ರೆ ತಲೆ ಓಡುತ್ತೆ" ಎನ್ನುತ್ತಿದ್ದರು ಭಾವ. ಬೇರೆಯವರು ಕತ್ತು ತಿರುಗಿಸುವುದರೊಳಗೆ ಇವರ ಬೆರಳು ಗುಂಡಿಯ ಮೇಲಿರುತ್ತಿತ್ತು. ಜೊತೆಯವರು 'ಗುಂಡಿ ಸಾಹೇಬ್ರು' ಎಂದು ಕರೆಯುತ್ತಿದ್ದರು. ಅದನ್ನು ಇವರು ಬಿರುದು ಎಂದುಕೊಂಡಿದ್ದರು.

ನಿವೃತ್ತಿಯಾದ ವರ್ಷ ಮನೆಗೆ ಒಂದು ಡಬ್ಬಿ ತಂದರು. ಚಪ್ಪಲಿ ಡಬ್ಬದಷ್ಟು ದೊಡ್ಡದು, ಒಳಗೆ ಎರಡು ಹಾರ್ಡ್ ಡಿಸ್ಕ್. ಮನೆಯ ಯಾವ ಫೋನಿನಿಂದ, ಯಾವ ಕಂಪ್ಯೂಟರಿನಿಂದ ಬೇಕಾದರೂ ಅದಕ್ಕೆ ಫೋಟೋ, ಹಾಡು, ಕಾಗದಪತ್ರ ಹಾಕಿಡಬಹುದು. ಒಂದು ಡಿಸ್ಕಿಗೆ ಹೋದದ್ದು ತಾನಾಗಿಯೇ ಇನ್ನೊಂದಕ್ಕೂ ನಕಲಾಗುತ್ತದೆ. ಹಾಲ್‌ನಲ್ಲಿ ಟೀವಿಯ ಪಕ್ಕ ಅದನ್ನಿಟ್ಟು, ಮಗು ಹುಟ್ಟಿದಂತೆ ಬಂದವರಿಗೆಲ್ಲ ತೋರಿಸಿದರು.

ಅಕ್ಕನಿಗೆ ಇದೆಲ್ಲ ಬೇಕಿರಲಿಲ್ಲ. ಕೆಳಗಿನ ಕೋಣೆಯಲ್ಲಿ ಅವಳ ಟೈಲರಿಂಗ್ ಅಂಗಡಿ. ನಾಲ್ಕು ಹೊಲಿಗೆ ಯಂತ್ರಗಳ ಗಲಾಟೆಯನ್ನು ಮೀರಿ ಮಾತಾಡಿ ಮಾತಾಡಿ ಅವಳ ಗಂಟಲು ಬೀದಿಯ ಆ ತುದಿಗೂ ಕೇಳುತ್ತಿತ್ತು. ಆ ಗಂಟಲಿಗೇ ಕ್ಯಾನ್ಸರ್ ಬಂತು. ಒಂದೂವರೆ ತಿಂಗಳೊಳಗೆ ಆಪರೇಷನ್ ಆಗಬೇಕು, ಧ್ವನಿಪೆಟ್ಟಿಗೆ ಪೂರ್ತಿ ತೆಗೆಯಬೇಕು, ಆಮೇಲೆ ಈ ಧ್ವನಿ ಇರುವುದಿಲ್ಲ ಎಂದರು ಡಾಕ್ಟರು.

ನರ್ಸೊಬ್ಬರು ದಾರಿ ತೋರಿಸಿದರು. ಒಂದು ಸಂಸ್ಥೆಯವರು ಸಾವಿರದಾರುನೂರು ವಾಕ್ಯ ಕೊಡುತ್ತಾರೆ, ಈಗಲೇ ಓದಿ ರೆಕಾರ್ಡ್ ಮಾಡಿಡಬೇಕು. ಅದರಿಂದ ಅವರು ಧ್ವನಿ ಕಟ್ಟಿಕೊಡುತ್ತಾರೆ. ಮುಂದೆ ಅಕ್ಕ ಫೋನಿನಲ್ಲಿ ಏನು ಬರೆದರೂ ಫೋನು ಅವಳದೇ ಧ್ವನಿಯಲ್ಲಿ ಹೇಳುತ್ತದೆ. ಆದರೆ ಅಲ್ಲಿ ಸರದಿ ಉದ್ದ. ಕರೆಯುವವರೆಗೆ ರೆಕಾರ್ಡಿಂಗ್ ಜೋಪಾನ ಮಾಡಿಟ್ಟುಕೊಳ್ಳಿ ಎಂದರು.

ಹತ್ತೊಂಬತ್ತು ದಿನ ಅಕ್ಕ ಓದಿದಳು. ಪಕ್ಕದಲ್ಲಿ ಕೂತು ಹಾಳೆ ತಿರುಗಿಸುವುದು ನನ್ನ ಕೆಲಸ. 'ಮೂರನೇ ಮಹಡಿಯ ಕಿಟಕಿ ತೆರೆದಿದೆ.' 'ಈ ನೀಲಿ ಛತ್ರಿ ಯಾರದು?' ಹೀಗೇ ಒಂದಕ್ಕೊಂದು ಸಂಬಂಧವಿಲ್ಲದ ವಾಕ್ಯಗಳು.

"ನನ್ನ ಗಂಡನ್ನ ಬೈಯೋಕೆ ಬೇಕಾಗೋ ಒಂದು ವಾಕ್ಯನೂ ಇಲ್ವಲ್ಲೇ ಇದರಲ್ಲಿ" ಎಂದಳು. ಕೊನೆಗೆ ತಾನೇ ಒಂದು ಸೇರಿಸಿದಳು: "ರೀ, ಎಷ್ಟು ಸಲ ಹೇಳ್ಬೇಕು ನಿಮಗೆ?" ಅದೊಂದನ್ನು ಮಾತ್ರ ಮೂರು ಸಲ ನಗುತ್ತಾ ಓದಿದಳು. ಎಲ್ಲವೂ ನೇರವಾಗಿ ಡಬ್ಬಿಗೇ ಹೋಗುತ್ತಿತ್ತು.

"ಭಾವ, ಇದನ್ನ ಒಂದು ಪೆನ್‌ಡ್ರೈವಿಗೂ ಹಾಕಿಡೋಣ" ಎಂದೆ ನಾನು.

"ಎರಡೆರಡು ಡಿಸ್ಕ್ ಇದೆ ಕಣಮ್ಮ. ಒಂದು ಹೋದ್ರೆ ಇನ್ನೊಂದಿರುತ್ತೆ. ಕಾರ್ಖಾನೇನೇ ನೋಡ್ಕೊಂಡವನು, ಈ ಡಬ್ಬಿ ನೋಡ್ಕೊಳ್ಳಲ್ವಾ?"

ಪೆನ್‌ಡ್ರೈವು ನನ್ನ ಚೀಲದಲ್ಲೇ ಇತ್ತು. ಕೇಳದೆ ಹಾಕಿಕೊಂಡಿದ್ದರೆ ಯಾರು ಕೈ ಹಿಡಿಯುತ್ತಿದ್ದರು? ಅವರ ಮನೆ, ಅವರ ಡಬ್ಬಿ, ನಾನೇಕೆ ಮೂಗು ತೂರಿಸಲಿ ಎಂದು ಬಿಗುಮಾನ ಮಾಡಿಕೊಂಡು ಸುಮ್ಮನಾದೆ. ನೆನೆಸಿಕೊಂಡರೆ ಈಗಲೂ ನನ್ನ ಮೇಲೇ ನನಗೆ ಮೈ ಉರಿಯುತ್ತದೆ.

ಹದಿನೇಳನೆಯ ದಿನ ಬೆಳಿಗ್ಗೆ ಅಕ್ಕ ಓದುತ್ತಿದ್ದಾಗ ಡಬ್ಬಿ ಬೀಪ್ ಬೀಪ್ ಎಂದು ಕೂಗತೊಡಗಿತು. ಭಾವ ಅಡುಗೆಮನೆಯಿಂದ ಒದ್ದೆ ಕೈಯಲ್ಲೇ ಓಡಿಬಂದು ಗುಂಡಿ ಒತ್ತಿದರು. "ಆಯ್ತು ಆಯ್ತು, ನೀನು ಓದು" ಎಂದರು. ಏನಾಗಿದೆ ಎಂದು ಆಮೇಲೆ ನೋಡಬೇಕಿತ್ತು. ಅವತ್ತು ಮಧ್ಯಾಹ್ನ ಸ್ಕ್ಯಾನಿಂಗು, ಮರುದಿನ ರಕ್ತ ಪರೀಕ್ಷೆ, ಹಾಗೇ ಮರೆತುಹೋಯಿತು. ಕಾರ್ಖಾನೆಯಲ್ಲಾದರೆ ಮುಂದಿನ ಪಾಳಿಯವರು ನೋಡುತ್ತಿದ್ದರು. ಮನೆಯಲ್ಲಿ ಮುಂದಿನ ಪಾಳಿ ಯಾರದು? ಡಬ್ಬಿಯ ಮೇಲೆ ಕೆಂಪು ದೀಪ ಉರಿಯುತ್ತಲೇ ಇತ್ತು. ನಾವೆಲ್ಲರೂ ದಿನಾ ನೋಡಿದೆವು, ಅದು ಇರುವುದೇ ಹಾಗೆ ಎಂದುಕೊಂಡೆವು.

ಆಪರೇಷನ್ ಆಯಿತು. ಅಕ್ಕ ಸ್ಲೇಟು ಹಿಡಿದು ಮನೆಗೆ ಬಂದಳು. ಎಂಟು ವಾರ ಕಳೆದ ಮೇಲೆ ಸಂಸ್ಥೆಯವರು ಸರದಿ ಬಂತು, ರೆಕಾರ್ಡಿಂಗ್ ಕಳಿಸಿ ಎಂದರು. ಭಾವ ಕಳಿಸಲು ಕೂತರೆ ಹನ್ನೆರಡನೆಯ ಫೈಲಿಗೇ ಕೆಲಸ ನಿಂತಿತು, 'ಓದಲಾಗುತ್ತಿಲ್ಲ' ಎಂದು ಬಂತು. ಡಬ್ಬಿಯ ಒಳಗಿನ ವಿವರ ತೆಗೆದು ನೋಡಿದರೆ ಎರಡನೇ ಡಿಸ್ಕ್ ಕೆಟ್ಟು ಹನ್ನೊಂದು ವಾರವಾಗಿತ್ತು. ಉಳಿದ ಒಂದರಲ್ಲೂ ಅಲ್ಲಲ್ಲಿ ಹಾಳಾದ ಜಾಗಗಳು ಹುಟ್ಟಿಕೊಂಡಿದ್ದವು.

"ಅದೊಂದು ಫೈಲು ಬಿಟ್ಟು ಉಳಿದದ್ದನ್ನ ಕಳಿಸಿ ಭಾವ" ಎಂದೆ.

"ಮೊದಲು ಮಷಿನ್ ಸರಿಯಾಗ್ಬೇಕು. ಆಮೇಲೆ ಅದರಿಂದ ಕೆಲಸ ತಗೋಬೇಕು" ಎಂದರು.

ಅಂಗಡಿಗೆ ಹೋಗಿ ಹೊಸ ಡಿಸ್ಕ್ ತಂದರು. ಸತ್ತದ್ದನ್ನು ಬಿಚ್ಚಿ ತೆಗೆದು, ಆ ಜಾಗಕ್ಕೆ ಹೊಸದನ್ನು ಕೂರಿಸಿದರು. ಉಳಿದ ಹಳೆಯದರಲ್ಲಿದ್ದದ್ದೆಲ್ಲ ಹೊಸದಕ್ಕೆ ನಕಲಾಗಲು ಶುರುವಾಯಿತು. ಹತ್ತು ಪರ್ಸೆಂಟು, ಇಪ್ಪತ್ತು ಪರ್ಸೆಂಟು. ಅಕ್ಕ ಅಂಗಡಿಗೆ ಇಳಿಯದೆ ಅದರ ಮುಂದೆಯೇ ಕೂತಿದ್ದಳು. ನಲವತ್ತೊಂದಕ್ಕೆ ಒಳಗಿನಿಂದ ಟಕ್ ಟಕ್ ಎಂದು ಕೇಳಿಸಿತು, ಮತ್ತೆ ನಿಂತೇಹೋಯಿತು. ಭಾವ ವೈರು ಬದಲಿಸಿದರು, ಡಿಸ್ಕ್ ತೆಗೆದು ಒರೆಸಿ ಹಾಕಿದರು, ಆರಲು ಬಿಟ್ಟು ಮತ್ತೆ ಹಾಕಿದರು. ಅರ್ಧಂಬರ್ಧ ನಕಲಾದ ಹೊಸ ಡಿಸ್ಕೂ ತೆರೆಯಲಿಲ್ಲ, ಡಬ್ಬಿ ಏನೂ ಇಲ್ಲ ಎಂದೇ ತೋರಿಸಿತು.

ಮರುದಿನ ಆ ಹಳೆಯ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಡಿಸ್ಕ್ ರಿಪೇರಿಯವನ ಹತ್ತಿರ ಒಯ್ದೆವು. ಎರಡು ದಿನ ಬಿಟ್ಟು ಬನ್ನಿ ಎಂದ. ಹೋದಾಗ ತಲೆ ಎತ್ತದೆ ಹೇಳಿದ:

"ಒಳಗಿನ ತಟ್ಟೆ ಪೂರ್ತಿ ಗೀರಿ ಹೋಗಿದೆ ಸರ್. ಬೇಕಾದ ಫೈಲು ಮಾತ್ರ ಮೊದಲು ಎತ್ಕೊಂಡಿದ್ರೆ ಬರ್ತಿತ್ತು. ಕೊನೆಯುಸಿರು ಎಳೀತಿದ್ದ ಡಿಸ್ಕನ್ನ ಮೂಲೆಮೂಲೆ ಓದಿಸಿ ಸಾಯಿಸಿಬಿಟ್ರಿ." ಮತ್ತೆ ತಾನೇ ಸಮಾಧಾನ ಹೇಳಿದ: "ಹೋಗ್ಲಿ, ಮೊದಲು ಕೆಟ್ಟಿದ್ದು ತನ್ನಿ. ಅದರದ್ದು ಬರೀ ಸರ್ಕ್ಯೂಟ್ ಹೋಗಿದ್ರೆ ಅದು ಕೆಡೋವರೆಗೆ ಹಾಕಿದ್ದೆಲ್ಲ ಒಳಗೆ ಹಾಗೇ ಇರುತ್ತೆ."

"ಅದನ್ನ ಜಜ್ಜಿಬಿಟ್ಟೆ" ಎಂದರು ಭಾವ.

"ಯಾಕೆ ಸರ್?"

ಭಾವ ಡಿಸ್ಕ್ ಸುತ್ತಿ ತಂದಿದ್ದ ಬಟ್ಟೆಯನ್ನು ಮಡಚತೊಡಗಿದರು. ಕಾರ್ಖಾನೆಯಲ್ಲಿ ಕೆಟ್ಟ ಭಾಗ ಬಿಚ್ಚಿದರೆ ಸುತ್ತಿಗೆಯಿಂದ ಜಜ್ಜಿಯೇ ಗುಜರಿಗೆ ಎಸೆಯಬೇಕು, ಇಲ್ಲವಾದರೆ ಯಾರೋ ಅದನ್ನು ಒಳ್ಳೆಯದೆಂದು ಮತ್ತೆ ಜೋಡಿಸಿಬಿಡುತ್ತಾರೆ ಎಂದು ನಾನೇ ಹೇಳಬೇಕಾಯಿತು. ಮೂವತ್ತಮೂರು ವರ್ಷದ ಪಾಠ. ಹಿತ್ತಿಲ ಕಲ್ಲಿನ ಮೇಲಿಟ್ಟು ಆರು ಏಟು ಹಾಕಿದ್ದರು. ಆ ಸದ್ದು ನಾನು ಒಳಗಿನಿಂದ ಕೇಳಿಸಿಕೊಂಡಿದ್ದೆ.

ದಾರಿಯಲ್ಲಿ ನನ್ನ ಬಾಯಿಗೆ ಕಡಿವಾಣ ಇರಲಿಲ್ಲ. "ಡಾಕ್ಟ್ರು ಒಂದು ಸಲ ಕೊಯ್ದ್ರು, ನೀವು ಎರಡನೇ ಸಲ ಕೊಯ್ದ್ರಿ ಭಾವ" ಎಂದುಬಿಟ್ಟೆ.

ಅವರು ನಡೆಯುತ್ತಲೇ ಹೇಳಿದರು: "ಅವಳ ಓದಿನಲ್ಲಿ ಆ ಬೀಪ್ ಸೇರ್ಕೋಬಾರದು ಅಂತ ಒತ್ತಿದ್ದು ಕಣಮ್ಮ."

ಅದು ನಿಜ. ನಿಜವಾಗಿರುವುದೇ ನನಗೆ ತಡೆಯಲಾಗದ ಸಂಗತಿ. ಕೆಟ್ಟವರಾಗಿದ್ದರೆ ಮನಸಾರೆ ಶಪಿಸಿ ಹಗುರಾಗುತ್ತಿದ್ದೆ.

ಅಕ್ಕನಿಗೆ ವಿಷಯ ಹೇಳಿದಾಗ ಸ್ಲೇಟು ಕೈಗೆ ತೆಗೆದುಕೊಂಡಳು, ಏನೂ ಬರೆಯದೆ ಕೆಳಗಿಟ್ಟಳು, ಅಂಗಡಿಗೆ ಇಳಿದುಹೋದಳು. ಸಂಸ್ಥೆಯವರು ತಮ್ಮಲ್ಲಿ ಸಿದ್ಧವಿರುವ ಧ್ವನಿಗಳಲ್ಲಿ ಒಂದನ್ನು ಅವಳ ಫೋನಿಗೆ ಹಾಕಿಕೊಟ್ಟರು. ಯಾವಳೋ ಹುಡುಗಿಯ ಧ್ವನಿ. ಸ್ಪಷ್ಟ, ನಯ, ಬ್ಯಾಂಕಿನಲ್ಲಿ ಟೋಕನ್ ನಂಬರು ಕೂಗುವವಳಂತೆ. ಅಕ್ಕ ಒಂದು ವಾರ ಅದನ್ನು ಮುಟ್ಟಲಿಲ್ಲ.

ಕಳೆದ ಭಾನುವಾರ ನಾನು ಅಲ್ಲಿದ್ದೆ. ಭಾವ ಕೋಣೆಯಲ್ಲಿ ಬನಿಯನ್ನಿನಲ್ಲಿ ಕೂತು ಪೇಪರು ಓದುತ್ತಿದ್ದರು. ಅಕ್ಕ ತಟ್ಟೆ ಇಟ್ಟಳು, ಮೊದಲ ಸಲ ಫೋನು ತೆಗೆದು ಬರೆದಳು. "ಊಟಕ್ಕೆ ಬನ್ನಿ, ಆರಿಹೋಗುತ್ತಿದೆ" ಎಂದಿತು ಆ ಹುಡುಗಿಯ ಧ್ವನಿ.

ಒಳಗೆ ಪೇಪರು ಮಡಚಿದ ಸದ್ದಾಯಿತು. ಬೀರು ತೆರೆದ ಸದ್ದಾಯಿತು. ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಗುಂಡಿ ಹಾಕಿಕೊಳ್ಳುತ್ತಾ, ಮುಖದಲ್ಲಿ ನಗು ತಂದುಕೊಂಡು ಹೊರಗೆ ಬಂದರು. ಬಾಗಿಲ ಕಡೆ ನೋಡಿದರು, ಕುರ್ಚಿಗಳ ಕಡೆ ನೋಡಿದರು.

"ಯಾರು ಬಂದಿದಾರೆ?" ಎಂದರು.

ಅಕ್ಕ ಅವರನ್ನೇ ನೋಡುತ್ತಿದ್ದಳು. ಆಮೇಲೆ ತಲೆ ತಗ್ಗಿಸಿ ಬರೆದಳು.

"ಯಾರೂ ಬಂದಿಲ್ಲ. ನಾನೇ" ಎಂದಳು ಹುಡುಗಿ.

ಭಾವ ಆ ಅಂಗಿಯಲ್ಲೇ ಊಟಕ್ಕೆ ಕೂತರು.