ಕ್ಯಾಪ್ಟನ್ ಹೇಳಲಾರೆನೆಂದ ಮಾತು

ಸ್ಟುಡಿಯೋದಲ್ಲಿ ಎಲ್ಲರೂ ಅವನನ್ನು ಕ್ಯಾಪ್ಟನ್ ಎಂದೇ ಕರೆಯುತ್ತಿದ್ದರು. ಇಪ್ಪತ್ತೆಂಟು ವರ್ಷಗಳಲ್ಲಿ ಆರು ಅಂತರಿಕ್ಷ ನೌಕೆಗಳನ್ನು ನಡೆಸಿದ್ದ, ಎಲ್ಲವನ್ನೂ ಗಂಟಲಿನಿಂದಲೇ. ಬೇರೆ ಭಾಷೆಯ ಧಾರಾವಾಹಿಗಳಿಗೆ ನಮ್ಮ ಭಾಷೆಯಲ್ಲಿ ಧ್ವನಿ ಕೊಡುವುದು ಅವನ ಕಸುಬು. ಗ್ರಹದಿಂದ ಗ್ರಹಕ್ಕೆ ಹಾರುವ ಕಥೆ ಬಂತೆಂದರೆ ನೌಕೆಯ ನಾಯಕನ ಪಾತ್ರ ಬೇರೆಯವರಿಗೆ ಹೋಗುತ್ತಲೇ ಇರಲಿಲ್ಲ. ಅಂಥವನಿಗೆ ಲಿಫ್ಟ್ ಹತ್ತಿದರೆ ತಲೆ ಸುತ್ತುತ್ತಿತ್ತು. ನಾಲ್ಕನೇ ಮಹಡಿಯ ಸ್ಟುಡಿಯೋಗೆ ದಿನವೂ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿಯೇ ಬರುತ್ತಿದ್ದ.

ಮನೆಯಲ್ಲಿ ಇಬ್ಬರೇ, ಅವನು ಮತ್ತು ಅವನ ಜೊತೆಗಾರ. ಜೊತೆಗಾರ ಹಲ್ಲಿನ ಸೆಟ್ಟು ತಯಾರಿಸುವವನು. ಉಗುರಿನ ಸಂದಿಯಲ್ಲಿ ಸದಾ ಗುಲಾಬಿ ಬಣ್ಣದ ಮೇಣ. ಟಿವಿಯಲ್ಲಿ ಯಾರು ನಕ್ಕರೂ ಮೊದಲು ಹಲ್ಲು ನೋಡಿ, ಇದು ಹುಟ್ಟಿದ್ದು, ಇದು ಕಟ್ಟಿಸಿದ್ದು ಎಂದು ತೀರ್ಪು ಕೊಡುವ ಮನುಷ್ಯ. ಇಬ್ಬರದು ಇಪ್ಪತ್ತೆರಡು ವರ್ಷದ ಸಂಸಾರ. ಮನೆ ಬಾಡಿಗೆಗೆ ಹಿಡಿಯುವಾಗ, ಇವನು ನನ್ನ ಚಿಕ್ಕಪ್ಪನ ಮಗ ಎಂದು ಕ್ಯಾಪ್ಟನ್ ಒಂದು ಸುಳ್ಳು ಹೇಳಿದ್ದ. ಹೇಳಿದ ಸುಳ್ಳಿಗೆ ಕೈಕಾಲು ಬೆಳೆದವು. ಇಲ್ಲದ ಆ ಚಿಕ್ಕಪ್ಪನಿಗೆ ಒಂದು ಊರು ಬಂತು, ಒಂದು ಕಾಯಿಲೆ ಬಂತು, ಕಡೆಗೆ ಸಾವೂ ಬಂತು. ಕೆಳಗಿನ ಮನೆಯವರು ಮೇಲೆ ಬಂದು ಸಮಾಧಾನ ಹೇಳಿದಾಗ ಇಬ್ಬರೂ ಮುಖ ಸಪ್ಪೆ ಮಾಡಿಕೊಂಡು ಕೂರಬೇಕಾಯಿತು.

ಹತ್ತೊಂಬತ್ತು ವರ್ಷದ ಹಿಂದೆ ಕ್ಯಾಪ್ಟನ್‌ಗೆ ಒಬ್ಬ ಪೈಲಟ್‌ನ ಪಾತ್ರ ಸಿಕ್ಕಿತ್ತು. ಆ ಪೈಲಟ್ ಮೊದಲು ಒಬ್ಬ ಹೆಂಗಸನ್ನು ಪ್ರೀತಿಸಿದ್ದ, ಆಮೇಲೆ ಒಬ್ಬ ಗಂಡಸನ್ನು. ಎರಡನ್ನೂ ಮುಚ್ಚಿಟ್ಟವನಲ್ಲ. ಆದರೆ ನಮ್ಮ ಭಾಷೆಗೆ ಬರುವಷ್ಟರಲ್ಲಿ ಆ ಗಂಡಸು ಪೈಲಟ್‌ನ ಭಾವನಾಗಿಬಿಟ್ಟಿದ್ದ. ಪೈಲಟ್‌ಗೆ ಅಕ್ಕನೊಬ್ಬಳು ಇದ್ದಾಳೆಂಬ ಸುಳಿವು ಇಡೀ ಧಾರಾವಾಹಿಯಲ್ಲಿ ಎಲ್ಲೂ ಇಲ್ಲ, ಆದರೂ ಭಾವ. ಆ ಭಾವ ಯುದ್ಧದಲ್ಲಿ ಸತ್ತಾಗ ಪೈಲಟ್ ಅವನನ್ನು ಎದೆಗೆ ಒತ್ತಿಕೊಂಡು ಒಂದೂವರೆ ನಿಮಿಷ ಅಳುತ್ತಾನೆ. ಕ್ಯಾಪ್ಟನ್ ಆ ಅಳುವನ್ನು ಒಂದೇ ಟೇಕಿನಲ್ಲಿ ಮುಗಿಸಿದ್ದ, ಸ್ಟುಡಿಯೋದವರು ಬೆನ್ನು ತಟ್ಟಿದ್ದರು. ಮನೆಯಲ್ಲಿ ಅದನ್ನು ನೋಡಿದ ಜೊತೆಗಾರ ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ತಟ್ಟೆ ತೊಳೆಯುತ್ತಾ, ತಿರುಗಿ ನೋಡದೆ ಹೇಳಿದ:

“ಚೆನ್ನಾಗಿ ಅತ್ತಿದೀಯ. ಯಾರಿಗೋಸ್ಕರ ಅಂತ ಮಾತ್ರ ಗೊತ್ತಾಗ್ಲಿಲ್ಲ.”

ಹೊಟ್ಟೆಪಾಡಿನ ಕೆಲಸದಲ್ಲಿ ಬರೆದುಕೊಟ್ಟಿದ್ದನ್ನು ಹೇಳಬೇಕು, ಅಷ್ಟೇ ಎಂದುಕೊಂಡ ಕ್ಯಾಪ್ಟನ್. ಆದರೆ ಆ ಮಾತು ಹಲ್ಲಿನ ಸಂದಿಗೆ ಸಿಕ್ಕಿಕೊಂಡ ನಾರಿನ ಹಾಗೆ ಅಲ್ಲೇ ಉಳಿಯಿತು.

ಅವನಿಗೆ ಐವತ್ನಾಲ್ಕು ತುಂಬಿದ ವರ್ಷ ಏಳನೇ ನೌಕೆ ಬಂತು. ಈ ಧಾರಾವಾಹಿಯ ನಾಯಕ ನರೆತ ಕೂದಲಿನವನು. ಅವನ ಗಂಡ ಅದೇ ನೌಕೆಯ ಹೊಟ್ಟೆಯೊಳಗೆ ದೀಪದ ಬೆಳಕಿನಲ್ಲಿ ಸೊಪ್ಪು, ತರಕಾರಿ ಬೆಳೆಯುವ ತೋಟಗಾರ. ಮೊದಲ ಕಂತಿನಲ್ಲಿ ತೋಟಗಾರ ಆರು ವರ್ಷ ಬೇರೆ ಗ್ರಹದಲ್ಲಿದ್ದು ಮರಳಿ ಬರುತ್ತಾನೆ. ನಾಯಕ ಅವನ ಹೆಗಲ ಮೇಲೆ ಕೈಯಿಟ್ಟು ಹೊಸ ಸಿಬ್ಬಂದಿಗೆಲ್ಲ ಪರಿಚಯ ಮಾಡಿಕೊಡುತ್ತಾನೆ. ಮೂಲದಲ್ಲಿದ್ದ ಮಾತು, ‘ಇವನು ನನ್ನ ಗಂಡ’ ಎಂದು. ಕ್ಯಾಪ್ಟನ್ ಕೈಗೆ ಬಂದ ಹಾಳೆಯಲ್ಲಿದ್ದದ್ದು, ‘ಇವನು ನನ್ನ ತಮ್ಮ.’

ಮೈಕಿನ ಮುಂದೆ ನಿಂತು ಒಂದು ಸಲ ಹೇಳಿದ. ಮಾತು ನಟನ ತುಟಿಗೆ ಕೂಡಲಿಲ್ಲ. ತಮ್ಮ ಎನ್ನುವಾಗ ಎರಡು ತುಟಿಯೂ ಮುಚ್ಚಬೇಕು, ಪರದೆಯ ಮೇಲಿನ ನಟನ ಬಾಯಿ ತೆರೆದೇ ಇತ್ತು. ಎರಡನೇ ಸಲ ಮಾತು ಒಣಗಿದ ರೊಟ್ಟಿಯಂತೆ ಬಂತು. ಮೂರನೇ ಸಲ ಬರಲೇ ಇಲ್ಲ. ಎರಡು ಟೇಕ್ ದಾಟದವನು ಹೀಗೆ ನಿಂತದ್ದು ಕಂಡು, ಗಾಜಿನ ಆಚೆ ಕುಳಿತಿದ್ದ ಡಬ್ಬಿಂಗ್ ನಿರ್ದೇಶಕಿ ಗಂಟಲು ನೋಯ್ತಿದೆಯಾ ಎಂದು ಕೇಳಿದರು. ಎಲ್ಲರ ಬಾಯಲ್ಲೂ ಮೇಡಂ ಆಗಿದ್ದ ಆಕೆ ಅವನ ಇಪ್ಪತ್ತು ವರ್ಷದ ಕೆಲಸ ಕಂಡವರು.

“ಗಂಟಲು ಸರಿಯಾಗಿದೆ ಮೇಡಂ, ಮಾತು ಸರಿಯಿಲ್ಲ,” ಎಂದ ಕ್ಯಾಪ್ಟನ್.

ಮೇಡಂ ಪಕ್ಕದಲ್ಲಿ ಚಾನೆಲ್‌ನ ಅಧಿಕಾರಿ ಕುಳಿತಿದ್ದ. ಇಸ್ತ್ರಿ ಮಾಡಿದ ಅಂಗಿಯ, ಮೂವತ್ತೈದರ ಆಸುಪಾಸಿನ ಯುವಕ. ಕೆಟ್ಟವನೇನಲ್ಲ, ಹೆದರುವವನು. ಮನೆಮಂದಿಯೆಲ್ಲ ಕೂತು ನೋಡುವ ಹೊತ್ತಿಗೆ ಹಾಕುವ ಕಥೆ, ತಮ್ಮ ಎಂದರೆ ಯಾರಿಗೂ ತೊಂದರೆಯಿಲ್ಲ ಎಂದ. ಐದನೇ ಕಂತಿನಲ್ಲಿ ಆ ತಮ್ಮನ ತುಟಿಗೆ ಮುತ್ತು ಕೊಡುತ್ತಾನಲ್ಲ, ಅದಕ್ಕೇನು ಮಾಡುತ್ತೀರಿ ಎಂದು ಕ್ಯಾಪ್ಟನ್ ಕೇಳಿದ. ಕತ್ತರಿಸುತ್ತೇವೆ ಎಂದ ಅಧಿಕಾರಿ. ಹತ್ತನೇ ಕಂತಿಗೇನು ಮಾಡುತ್ತೀರಿ ಎಂದು ಕ್ಯಾಪ್ಟನ್ ಮತ್ತೆ ಕೇಳಿದ. ಅಧಿಕಾರಿ ಹತ್ತನೇ ಕಂತು ನೋಡಿರಲಿಲ್ಲ.

ಕ್ಯಾಪ್ಟನ್ ನೋಡಿದ್ದ. ಅದರಲ್ಲಿ ನಾಯಕ ಪ್ರಜ್ಞೆ ತಪ್ಪಿ ಬೀಳುತ್ತಾನೆ. ನೌಕೆಯ ಕಾನೂನಿನ ಪ್ರಕಾರ ಅಪಾಯದ ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಕೊಡುವ ಹಕ್ಕು ಬಾಳಸಂಗಾತಿಗೆ ಮಾತ್ರ, ಒಡಹುಟ್ಟಿದವರಿಗೂ ಇಲ್ಲ. ತೋಟಗಾರ ಮಣ್ಣಿನ ಕೈಯಲ್ಲೇ ಓಡಿ ಬಂದು, ನಾನು ಅವನ ಗಂಡ ಎನ್ನುತ್ತಾನೆ. ಮುಚ್ಚಿದ ಬಾಗಿಲು ತೆರೆಯುತ್ತದೆ. ತಮ್ಮನಾದರೆ ಬಾಗಿಲೂ ಇಲ್ಲ, ಕಥೆಯೂ ಇಲ್ಲ.

ಅಷ್ಟು ವಿವರಿಸಿ ಅವನು ಸುಮ್ಮನಾಗಬಹುದಿತ್ತು. ಆಗಲಿಲ್ಲ. ಮೈಕು ತೆರೆದೇ ಇತ್ತು, ಮಾತೆಲ್ಲ ಆಚೆ ಕೋಣೆಯ ಸ್ಪೀಕರಿನಲ್ಲಿ ಕೇಳುತ್ತಿತ್ತು.

“ಇದು ಬರೀ ಕಥೆ ಅಲ್ಲ ಸರ್. ನಾಲ್ಕು ವರ್ಷದ ಹಿಂದೆ ನಂಗೆ ಪಿತ್ತಕೋಶದ ಆಪರೇಷನ್ ಆಯ್ತು. ನನ್ನ ಜೊತೆ ಬಾಳ್ವೆ ಮಾಡ್ತಿರೋ ಮನುಷ್ಯ ಹಲ್ಲು ಕಟ್ಟೋನು. ಅವನೇ ನನ್ನ ಎತ್ಕೊಂಡು ಆಸ್ಪತ್ರೆಗೆ ಓಡಿದ್ದು. ಕಾಗದಕ್ಕೆ ಸಹಿ ಹಾಕೋಕೆ ಹೋದ್ರೆ ನೀವು ಯಾರು ಅಂದ್ರು. ಚಿಕ್ಕಪ್ಪನ ಮಗ ಅಂದ. ಹತ್ತಿರದ ಸಂಬಂಧಿ ಯಾರಾದ್ರೂ ಬರ್ಲಿ ಅಂದ್ರು. ನಮ್ಮಕ್ಕ ಆರು ಗಂಟೆ ಹೊತ್ತು ರೈಲಲ್ಲಿ ಕೂತು ಬರೋ ತನಕ ಅವನು ಬಾಗಿಲ ಹೊರಗೆ ನಿಂತಿದ್ದ. ಆ ಸುಳ್ಳು ಕಲಿಸಿದ್ದು ನಾನೇ. ಮತ್ತೊಂದ್ಸಲ ನನ್ನ ಬಾಯಲ್ಲಿ ಅದನ್ನ ಹೇಳಿಸ್ಬೇಡಿ.”

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಅಧಿಕಾರಿ ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡ. ಇದು ತನ್ನೊಬ್ಬನ ಕೈಯಲ್ಲಿಲ್ಲ, ಮೇಲಿನವರಿಗೆ ಹತ್ತನೇ ಕಂತು ತೋರಿಸುತ್ತೇನೆ ಎಂದು ಮೆಲ್ಲಗೆ ಹೇಳಿ ಹೊರಟ.

ಮನೆಗೆ ಬಂದ ಕ್ಯಾಪ್ಟನ್ ಬಾಗಿಲಲ್ಲೇ ನಿಂತು, ಎಲ್ಲರೆದುರು ಹೇಳಿಬಿಟ್ಟೆ ಎಂದ. ಜೊತೆಗಾರ ಉಜ್ಜಿ ನಯ ಮಾಡುತ್ತಿದ್ದ ಕೋರೆಹಲ್ಲನ್ನು ಕೆಳಗಿಟ್ಟು ಅವನ ಕಡೆ ತಿರುಗಿದ.

“ನನ್ನ ವಿಷಯಾನೂ ಹೇಳ್ದ್ಯಾ?”

“ಹಲ್ಲು ಕಟ್ಟೋನು ಅಂದೆ.”

“ಮುಗೀತು. ಇನ್ನು ಸ್ಟುಡಿಯೋದವರೆಲ್ಲ ಪರಿಚಯದ ಮೇಲೆ ಸೆಟ್ಟು ಮಾಡಿಸ್ಕೊಳ್ಳೋಕೆ ಬರ್ತಾರೆ,” ಎಂದ ಜೊತೆಗಾರ. ಎದ್ದು ಬಂದು, ಮೇಣದ ಕೈಯಲ್ಲೇ ಕ್ಯಾಪ್ಟನ್‌ನ ಕೆನ್ನೆ ಹಿಡಿದುಕೊಂಡ. ಅವನ ಕಣ್ಣು ಒದ್ದೆಯಾಗಿತ್ತು.

ಐದು ದಿನ ಸುದ್ದಿಯಿಲ್ಲ. ಕೆಲಸ ಹೋಯಿತೆಂದೇ ಕ್ಯಾಪ್ಟನ್ ಲೆಕ್ಕ ಹಾಕಿದ್ದ. ಈ ನಡುವೆ ಚಾನೆಲ್‌ನಿಂದ ಬೇರೆ ಧ್ವನಿ ಹುಡುಕಿ ಎಂಬ ಸೂಚನೆ ಬಂದು, ಮೇಡಂ ವಿಧಿಯಿಲ್ಲದೆ ಮೂವರು ಕಲಾವಿದರಿಗೆ ಫೋನ್ ಮಾಡಿದ್ದರು. ಸ್ಟುಡಿಯೋದ ಸುದ್ದಿಗೆ ಕಾಲಿರುವುದಿಲ್ಲ, ರೆಕ್ಕೆ ಇರುತ್ತದೆ. ಒಬ್ಬನಿಗೆ ಗಂಟಲು ಕೆರೆತ, ಇನ್ನೊಬ್ಬನಿಗೆ ಧ್ವನಿ ಕೂತುಹೋಗಿತ್ತು. ಮೂರನೆಯವನಂತೂ ಗಂಟೆ ಹೊಡೆದಂಥ ಕಂಠದಲ್ಲಿ, ಮಾತೇ ಹೊರಡುತ್ತಿಲ್ಲ ಮೇಡಂ ಎಂದನಂತೆ. ಊರಿನ ಅಷ್ಟೂ ಗಂಟಲು ಒಂದೇ ವಾರದಲ್ಲಿ ಕೆಟ್ಟವು ಎಂದು ಮೇಡಂ ಚಾನೆಲ್‌ಗೆ ಬರೆದು ಕಳಿಸಿದರು.

ಆರನೇ ದಿನ ಅಧಿಕಾರಿ ತಾನೇ ಬಂದ. ಮೇಲಿನವರು ಹತ್ತನೇ ಕಂತು ನೋಡಿದರೆಂದೂ, ನೋಡಿದ ಮೇಲೆ, ಗಂಡನನ್ನ ತಮ್ಮ ಮಾಡಿದ ಜಾಣ ಯಾರು ಎಂದು ಕೇಳಿದರೆಂದೂ ಹೇಳಿದ. ಆ ಜಾಣ ತಾನೇ ಎಂದು ಹೇಳಿಕೊಂಡು ನಕ್ಕ. ಒಂದೂ ದೃಶ್ಯ ಕತ್ತರಿಸುವುದಿಲ್ಲ, ಮೂಲದಲ್ಲಿದ್ದಂತೆಯೇ ಬರಲಿ ಎಂದು ಅಪ್ಪಣೆಯಾಗಿತ್ತು.

ಮಾರನೆಯ ದಿನ ಕ್ಯಾಪ್ಟನ್ ಜೊತೆಗಾರನನ್ನೂ ಕರೆದುಕೊಂಡು ನಾಲ್ಕು ಮಹಡಿ ಹತ್ತಿದ. ಮೇಡಂ ಅವನಿಗೆ ತಮ್ಮ ಪಕ್ಕದಲ್ಲೇ ಕುರ್ಚಿ ಹಾಕಿಸಿದರು. ಪರದೆಯ ಮೇಲೆ ನೌಕೆಯ ಬಾಗಿಲು ಸರಿಯಿತು, ತೋಟಗಾರ ಒಳಗೆ ಬಂದ. “ಇವನು ನನ್ನ ಗಂಡ,” ಎಂದ ಕ್ಯಾಪ್ಟನ್. ಧ್ವನಿ ಏರಿಸಲಿಲ್ಲ, ನಡುಗಿಸಲಿಲ್ಲ. ಮನೆಯ ವಿಳಾಸ ಹೇಳುವಷ್ಟು ಸಹಜವಾಗಿ ಹೇಳಿದ. ಒಂದೇ ಟೇಕ್. ಗಾಜಿನಾಚೆ ಎಲ್ಲರೂ ಎದ್ದು ಚಪ್ಪಾಳೆ ತಟ್ಟುತ್ತಿದ್ದುದು ಅವನಿಗೆ ಕಾಣಿಸಿತು, ಕೇಳಿಸಲಿಲ್ಲ. ಜೊತೆಗಾರ ಮಾತ್ರ ಎದ್ದಿರಲಿಲ್ಲ. ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ಕುಳಿತಿದ್ದ.

ಧಾರಾವಾಹಿ ಬಂತು, ಗೆದ್ದಿತು. ಬೈದವರೂ ಇದ್ದರು, ಆದರೆ ಅವರೂ ಮುಂದಿನ ಕಂತು ತಪ್ಪಿಸಲಿಲ್ಲ. ಅಕ್ಕ ಫೋನ್ ಮಾಡಿ, ಇಬ್ಬರೂ ಬಂದು ಒಂದು ವಾರ ಇದ್ದು ಹೋಗಿ ಎಂದಳು. ಇಬ್ಬರೂ ಎಂದು ಅವಳು ಹೇಳಿದ್ದು ಅದೇ ಮೊದಲು.

ಎರಡು ತಿಂಗಳ ಮೇಲೆ ಸ್ಟುಡಿಯೋಗೆ ಒಂದು ಕಾಗದ ಬಂತು. ಬರೆದವರು ನಿವೃತ್ತ ಮುಖ್ಯೋಪಾಧ್ಯಾಯಿನಿ. ಮೂವತ್ತು ವರ್ಷದಿಂದ ತಮ್ಮ ಜೊತೆಯಲ್ಲಿರುವ ಗೆಳತಿಗೆ ಈಗ ಕಣ್ಣು ಕಾಣುವುದಿಲ್ಲ, ಟಿವಿಯನ್ನು ಕಿವಿಯಿಂದಲೇ ನೋಡುತ್ತಾಳೆ ಎಂದು ಬರೆದಿದ್ದರು. ‘ಕಣ್ಣಿದ್ದವರಿಗೆ ನೀವು ಗೆಳೆಯ, ತಮ್ಮ, ಏನೇ ಅಂದಿದ್ದರೂ ಮುಖ ನೋಡಿ ನಿಜ ತಿಳಿಯುತ್ತಿತ್ತು. ಇವಳಿಗೆ ನೀವು ಹೇಳಿದ್ದೇ ನಿಜ. ನಿಜವನ್ನೇ ಹೇಳಿದ್ದಕ್ಕೆ ಒಮ್ಮೆ ಚಹಾಕ್ಕೆ ಬನ್ನಿ.’

ಭಾನುವಾರ ಇಬ್ಬರೂ ಹೋದರು. ಕಿಟಕಿಯ ಪಕ್ಕ ಕುಳಿತಿದ್ದ ಗೆಳತಿ ಕ್ಯಾಪ್ಟನ್‌ನ ನಮಸ್ಕಾರ ಕೇಳಿದ ಕೂಡಲೇ ಧ್ವನಿ ಗುರುತಿಸಿ, ಅವನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಒಂದೇ ಒಂದು ವಿಷಯ ಗೊತ್ತಾಗಬೇಕು ಎಂದರು.

“ಆ ತೋಟದವನು ನೋಡೋಕೆ ಹೇಗಿದಾನಪ್ಪ? ಇವಳನ್ನ ಕೇಳಿದ್ರೆ ಬರೀ ಉದ್ದಕ್ಕಿದಾನೆ ಅಂತಾಳೆ.”

ಕ್ಯಾಪ್ಟನ್ ಹೇಳತೊಡಗಿದ. ಅಗಲ ಹಣೆ, ಸ್ವಲ್ಪ ಬಾಗಿದ ಭುಜ, ನಕ್ಕಾಗ ಕಣ್ಣಿನ ಬದಿಯಲ್ಲಿ ಮೂರು ಗೆರೆ. ಹಲ್ಲು ಪರವಾಗಿಲ್ಲ, ಮುಂದಿನದೊಂದು ಮಾತ್ರ ಕಟ್ಟಿಸಿದ್ದು ಎಂದು ಜೊತೆಗಾರ ನಡುವೆ ಬಾಯಿ ಹಾಕಿದ. ಖಂಡಿತ ಅಲ್ಲ, ಅದು ಹುಟ್ಟಿದ್ದೇ ಎಂದು ಮುಖ್ಯೋಪಾಧ್ಯಾಯಿನಿ ಪಟ್ಟು ಹಿಡಿದರು. ಟಿವಿ ಹಾಕಿ ನೋಡಿಯೇಬಿಡೋಣ ಎಂದು ಇಬ್ಬರೂ ಎದ್ದರು. ಗೆಳತಿ ನಗುತ್ತಾ, ಅವರು ಜಗಳ ಆಡ್ಕೊಳ್ಳಲಿ, ನೀವು ಮುಂದೆ ಹೇಳಿ ಎಂದರು.