ಬೋಲ್ಟು ಕೊಯ್ದದ್ದೋ, ಮುರಿದದ್ದೋ

ಕೊರೊನಾ ಹಾವಳಿ ತಗ್ಗಿದ ಮರುವರ್ಷ ಕೂಡ್ಲಿಗಿಯ ಹೆದ್ದಾರಿ ಬದಿಯ ನನ್ನ ಗ್ಯಾರೇಜಿಗೆ ಮೂವತ್ತು ವರ್ಷ ತುಂಬಿತ್ತು. ಲಾರಿ, ಟ್ರ್ಯಾಕ್ಟರ್ ಎಲ್ಲವೂ ಬರುತ್ತಿದ್ದವು. ಆದರೆ ಸುತ್ತಲಿನ ಊರುಗಳಲ್ಲಿ ನನಗೆ ಹೆಸರು ತಂದಿದ್ದು ಹಳೆಯ ಜೀಪುಗಳು. ನಾಲ್ಕೂ ಚಕ್ರ ಎಳೆಯುವ, ಗುಡ್ಡ ಹತ್ತುವ ಜೀಪುಗಳು. ಅವು ಕಾರ್ಖಾನೆಯಿಂದ ಬರುವುದು ನಿಂತು ಬಹಳ ಕಾಲವಾಗಿದ್ದರೂ ಕುರಿ ಸಾಕುವವರು ಅವನ್ನು ಬಿಟ್ಟಿರಲಿಲ್ಲ. ಹರಪನಹಳ್ಳಿ, ಹಡಗಲಿ ಕಡೆಯವರೂ “ಕೂಡ್ಲಿಗಿ ಖಾದರ್ ಸಾಬ್ರ ಹತ್ರ ಒಯ್ರಿ” ಎನ್ನುತ್ತಿದ್ದರು. ಆ ಮಾತಿನಿಂದ ನನಗೆ ಸ್ವಲ್ಪ ಹಮ್ಮು ಬಂದಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಒಂದು ಸೋಮವಾರ ಬೆಳಿಗ್ಗೆ ಗುಡೇಕೋಟೆ ಕಡೆಯ ಬೋಸಯ್ಯ ತನ್ನ ಜೀಪನ್ನು ಟ್ರ್ಯಾಕ್ಟರಿಗೆ ಕಟ್ಟಿಸಿ ಎಳೆದು ತಂದ. ಅವನ ಹಣೆಗೆ ಪಟ್ಟಿ ಕಟ್ಟಿತ್ತು. ಜೀಪಿನ ಹಿಂದಿನ ಎಡಚಕ್ರ ಒಂದು ಗೇಣು ಹಿಂದಕ್ಕೆ ಸರಿದು, ಗಾಡಿ ಏಡಿಯ ಹಾಗೆ ಓರೆಯಾಗಿ ನಿಂತಿತ್ತು. ಶನಿವಾರ ಗುಡ್ಡದ ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಜೀಪು ತಾನೇ ಎಡಕ್ಕೆ ತಿರುಗಿ ಹಳ್ಳಕ್ಕೆ ಇಳಿದಿತ್ತು. ಪಕ್ಕದಲ್ಲಿ ಕುಳಿತಿದ್ದ ಅವನ ಹೆಂಡತಿ ಓಬಮ್ಮನ ಬಲಗೈ ಮುರಿದಿತ್ತು.

ಬೋಸಯ್ಯ ಜೇಬಿನಿಂದ ಕರವಸ್ತ್ರದ ಗಂಟು ತೆಗೆದು ಬಿಚ್ಚಿದ. ಒಳಗೆ ಬೋಲ್ಟಿನ ಒಂದು ತುಂಡು ಇತ್ತು.

“ಸಾಬ್ರ, ಇದು ಮುರಿದಿದ್ದಲ್ಲ. ಕೊಯ್ದಿದ್ದು. ಕೊಯ್ದಾನ ನನ್ನ ತಮ್ಮ.”

ಅವನ ತಮ್ಮ ಪಾಲಯ್ಯನನ್ನು ನಾನು ಬಲ್ಲೆ. ಮಾತು ಕಡಿಮೆ, ಸಿಟ್ಟು ಹೆಚ್ಚು. ಅಣ್ಣತಮ್ಮಂದಿರು ಕುರಿ ಹಿಂಡನ್ನು ಪಾಲು ಮಾಡಿಕೊಳ್ಳುವ ವಿಷಯದಲ್ಲಿ ಹತ್ತು ದಿನದ ಹಿಂದೆ ಜಗಳವಾಡಿದ್ದರು. ‘ಆ ಜೀಪಿನ್ಯಾಗ ಎಷ್ಟು ದಿನ ಮೆರೀತಿ ನೋಡ್ತೀನಿ’ ಎಂದು ಪಾಲಯ್ಯ ಊರ ಮುಂದೆ ಕೂಗಿದ್ದನಂತೆ. ಅಪಘಾತಕ್ಕೆ ಎರಡು ದಿನ ಮುಂಚೆ ಅವನು ನಟ್ಟು ತಿರುಗಿಸುವ ಪಾನಾ ಹಿಡಿದು ಜೀಪಿನ ಕೆಳಗೆ ಮಲಗಿದ್ದನ್ನು ಮೂರು ಜನ ಕಂಡಿದ್ದರು.

“ಕೇಳಿದ್ರ ಏನಂತಾನ?” ಎಂದೆ.

“ಸುಳ್ಳು ಹೇಳ್ತಾನ. ಮುಂಚೇನ ಗಾಡಿ ನಿಮ್ಮ ಹತ್ರ ತಂದಿದ್ನಂತ, ನೀವು ನಾಳಿ ಬಾ ಅಂದ್ರಂತ, ಅದಕ್ಕ ತಾನಾ ಬಿಗಿ ಮಾಡಿದ್ನಂತ. ತಂದಿದ್ನೇನ್ರಿ?”

“ಇಲ್ಲ,” ಎಂದೆ. ಒಂದು ಗಳಿಗೆಯೂ ಯೋಚಿಸಲಿಲ್ಲ.

“ನೋಡ್ರಿ ಮತ್ತ! ಕೊಯ್ದಿದ್ದು ಅಂತ ಒಂದು ಚೀಟಿ ಬರಕೊಡ್ರಿ. ಇವತ್ತಾ ಸ್ಟೇಷನ್ನಿಗೆ ಹೋಕ್ಕೀನಿ.”

ಬಿಚ್ಚಿ ನೋಡದೆ ಬರೆಯುವುದಿಲ್ಲ, ನಾಳೆ ಬಾ ಎಂದು ಅವನನ್ನು ಕಳಿಸಿದೆ. ಹಾಗೆಂದು ನನಗೆ ಸಂಶಯ ಇರಲಿಲ್ಲ ಎಂದಲ್ಲ. ಪಾಲಯ್ಯನೇ ಮಾಡಿರಬೇಕು ಎಂದೇ ನನಗೂ ಅನಿಸಿತ್ತು. ಹಾಗೆ ಅನಿಸಲು ಇನ್ನೊಂದು ಕಾರಣವೂ ಇತ್ತು. ಐದು ತಿಂಗಳ ಹಿಂದೆ ಅದೇ ಚಕ್ರದ ಮೇಲಿನ ಸ್ಪ್ರಿಂಗ್ ಪಟ್ಟಿ ಬದಲಿಸಿದ್ದವನು ನಾನೇ. ಬೋಲ್ಟು ಕೊಯ್ದದ್ದಲ್ಲವಾದರೆ ಮುಂದಿನ ಬೆರಳು ನನ್ನ ಕಡೆಗೇ ತಿರುಗುತ್ತಿತ್ತು. ಕೊಯ್ದದ್ದೇ ಆಗಿರಲಿ ಎಂದು ಮನಸ್ಸು ಒಳಗೊಳಗೇ ಬಯಸಿತು.

ಇಲ್ಲಿ ಸ್ವಲ್ಪ ವಿವರಿಸಬೇಕು. ಹಳೆಯ ಜೀಪಿನ ಭಾರ ನಿಲ್ಲುವುದು ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಮೇಲೆ. ಅವುಗಳ ನಡುವೆ ತೂತು ಹೊಡೆದು ಒಂದು ಬೋಲ್ಟು ಹಾಕಿರುತ್ತಾರೆ. ಅದು ಸೆಂಟರ್ ಬೋಲ್ಟ್; ಬೋಸಯ್ಯ ತಂದ ತುಂಡು ಅದರದೇ. ಪಟ್ಟಿಗಳೂ ಚಕ್ರದ ಆಕ್ಸಲ್ಲೂ ತಮ್ಮ ಜಾಗದಲ್ಲಿ ಕೂರುವಂತೆ ಅದು ನೋಡಿಕೊಳ್ಳುತ್ತದೆ. ಆದರೆ ಅವೆರಡನ್ನೂ ಬಿಗಿಯಾಗಿ ಅಪ್ಪಿ ಹಿಡಿಯುವುದು ಎರಡು ಯು-ಬೋಲ್ಟುಗಳು. ಅವು ಸಡಿಲವಾದರೆ ಬ್ರೇಕಿನ ಎಳೆತವೆಲ್ಲ ಬೆರಳು ಗಾತ್ರದ ಆ ಸೆಂಟರ್ ಬೋಲ್ಟಿನ ಮೇಲೆ ಬೀಳುತ್ತದೆ. ಹೊಸ ಪಟ್ಟಿ ಹಾಕಿದ ಮೇಲೆ ಸುಮಾರು ಐನೂರು ಕಿಲೋಮೀಟರ್ ಓಡಿಸಿ ಯು-ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಲೇಬೇಕು. ಪಟ್ಟಿಗಳು ಕೂತ ಹಾಗೆ ಹಿಡಿತ ತಗ್ಗುತ್ತದೆ.

ಮಧ್ಯಾಹ್ನ ಜೀಪನ್ನು ಜಾಕಿನ ಮೇಲೆತ್ತಿ ಎಲ್ಲವನ್ನೂ ಬಿಚ್ಚಿದೆ. ಮೊದಲು ಸಿಕ್ಕಿದ್ದೇ ಪಾಲಯ್ಯನ ವಿರುದ್ಧದ ಸಾಕ್ಷಿ. ಯು-ಬೋಲ್ಟಿನ ನಟ್ಟುಗಳ ಮೂಲೆಗಳು ಪಾನಾ ಜಾರಿ ಹೊಸದಾಗಿ ಸವೆದು ಹೊಳೆಯುತ್ತಿದ್ದವು. ಯಾರೋ ಈಚೆಗೆ ಕೈ ಹಾಕಿದ್ದು ಖಂಡಿತ. ಸಡಿಲ ಮಾಡಿದ್ದಾನೆ, ಕಳ್ಳ ಸಿಕ್ಕ ಎಂದುಕೊಂಡೆ.

ಆಮೇಲೆ ಬೋಲ್ಟಿನ ಎರಡೂ ತುಂಡುಗಳನ್ನು ಡೀಸೆಲ್‌ನಲ್ಲಿ ತೊಳೆದು ಬಿಸಿಲಿಗೆ ಹಿಡಿದೆ. ಗರಗಸ ಆಡಿಸಿದ್ದರೆ ಮುಖದ ಮೇಲೆ ನೇರ ಗೀರುಗಳು ಇರಬೇಕಿತ್ತು. ಒಂದೂ ಇರಲಿಲ್ಲ. ಮುಕ್ಕಾಲು ಭಾಗ ಕಪ್ಪಗೆ, ತುಕ್ಕು ಹಿಡಿದು, ಕಪ್ಪೆಚಿಪ್ಪಿನ ಮೇಲಿರುವಂಥ ಸಣ್ಣ ಬಳೆಗೆರೆಗಳಿದ್ದವು. ಕಾಲು ಭಾಗ ಮಾತ್ರ ಸಕ್ಕರೆ ಹರಳಿನಂತೆ ಹೊಳೆಯುತ್ತಿತ್ತು. ಅಂದರೆ ಬಿರುಕು ಬಿಟ್ಟು ವಾರಗಳೇ ಆಗಿದ್ದವು. ಅದು ದಿನಕ್ಕಿಷ್ಟು ಬೆಳೆದು, ಉಳಿದ ಕಾಲು ಭಾಗ ಶನಿವಾರ ಒಮ್ಮೆಲೇ ಹರಿದಿತ್ತು. ಅಣ್ಣತಮ್ಮಂದಿರ ಜಗಳ ಹುಟ್ಟುವ ಮೊದಲೇ ಆ ಬೋಲ್ಟು ಸಾಯತೊಡಗಿತ್ತು.

ಹಾಗಾದರೆ ನಟ್ಟಿನ ಗುರುತು? ಮತ್ತೆ ನೋಡಿದೆ. ನಟ್ಟನ್ನು ಬಿಚ್ಚುವಾಗ ಪಾನಾ ಮೂಲೆಯ ಒಂದು ಬದಿಗೆ ಒತ್ತುತ್ತದೆ, ಬಿಗಿಯುವಾಗ ಇನ್ನೊಂದು ಬದಿಗೆ. ನಾಲ್ಕು ನಟ್ಟುಗಳಲ್ಲೂ ಸವೆದಿದ್ದ ಬದಿ ಒಂದೇ, ಬಿಗಿಯುವ ಬದಿ. ಪಾಲಯ್ಯ ಬಿಗಿ ಮಾಡಲು ಹೆಣಗಿದ್ದ. ಸರಿಯಾದ ಅಳತೆಯ ಪಾನಾ ಇಲ್ಲದೆ ಅದು ಜಾರಿತ್ತು.

ಅವನ ಮಾತಿನ ಅರ್ಧ ನಿಜವಾದರೆ ಇನ್ನರ್ಧ?

ಮರುದಿನ ಬೆಳಿಗ್ಗೆ ಬೋಸಯ್ಯ ಬರುವ ಮೊದಲೇ ಬೈಕು ಹತ್ತಿ ಗುಡೇಕೋಟೆಗೆ ಹೋದೆ. ಪಾಲಯ್ಯ ಊರಲ್ಲಿರಲಿಲ್ಲ. ಬಂಡೆಗಳ ನಡುವೆ ಜಾಲಿ ಮರದ ಕೆಳಗೆ ಕುರಿ ನಿಲ್ಲಿಸಿಕೊಂಡು ಕುಳಿತಿದ್ದ. ನನ್ನನ್ನು ಕಂಡು ಏಳಲಿಲ್ಲ.

“ಪೊಲೀಸರನ್ನ ಕರಕೊಂಡು ಬಂದಿ ಏನು ಮಾಮಾ?”

“ಇಲ್ಲಪಾ. ಒಂದು ಮಾತು ಕೇಳಾಕ ಬಂದೀನಿ. ಗಾಡಿ ಯಾವಾಗ ತಂದಿದ್ದಿ?”

“ಎರಡು ತಿಂಗಳಾತು. ಹಿಂದ ಕಟಕಟ ಅಂತಿತ್ತು, ತಂದಿದ್ನಿ. ನೀನು ಲಾರಿ ಕೆಳಗ ಮಲಗಿದ್ದಿ. ನಿನ್ನ ಕಾಲು ಅಷ್ಟ ಕಂಡಿದ್ವು. ಪಟ್ಟಿ ಸಪ್ಪಳ ಮಾಡ್ತೈತಿ ಮಾಮಾ ಅಂದೆ. ನಾಳಿ ಬಾ ಅಂದಿ. ಮರುದಿನ ಬಂದ್ರ ಬಾಗಿಲಾ ಹಾಕಿತ್ತು.”

ಮರುದಿನ ಶುಕ್ರವಾರ. ನಾನು ಹೊಸಪೇಟೆಗೆ ಸಾಮಾನು ತರಲು ಹೋಗಿದ್ದೆ. ಲಾರಿಯ ಕೆಳಗೆ ಮಲಗಿದ್ದು ನೆನಪಿತ್ತು, ಗೇರ್‌ಬಾಕ್ಸ್ ಎದೆಯ ಮೇಲೆ ಹೊತ್ತಂತೆ ಮಲಗಿದ್ದೆ. ಯಾರಿಗೋ ‘ನಾಳಿ ಬಾ’ ಎಂದದ್ದೂ ಮಸುಕಾಗಿ ನೆನಪಾಯಿತು. ತಲೆ ಹೊರಗೆ ಹಾಕಿ ಯಾರೆಂದು ನೋಡಿರಲಿಲ್ಲ.

“ಜಗಳ ಆದ ಮ್ಯಾಲೂ ಅದರ ಕೆಳಗ ಯಾಕ ಮಲಗಿದಿ?” ಎಂದೆ.

ಅವನು ನನ್ನ ಕಡೆ ನೋಡದೆ ಹೇಳಿದ: “ಅದರಾಗ ನಮ್ಮ ಅತ್ತಿಗಿ ಓಡಾಡ್ತಾಳ.”

ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬೋಸಯ್ಯನ ಮನೆಗೆ ಬಂದೆ. ಬೋಸಯ್ಯ ಕೂಡ್ಲಿಗಿಗೆ ಹೊರಟು ನಿಂತಿದ್ದ. ಓಬಮ್ಮ ಕಟ್ಟೆಯ ಮೇಲೆ ಪ್ಲಾಸ್ಟರ್ ಕೈಯನ್ನು ತೊಡೆಯ ಮೇಲಿಟ್ಟು ಕುಳಿತಿದ್ದಳು. ತಮ್ಮನನ್ನು ಕಂಡ ಕೂಡಲೇ ಬೋಸಯ್ಯ ಮೈಮೇಲೆ ಏರಿ ಬಂದ. ನಾನು ನಡುವೆ ನಿಂತು ಬೋಲ್ಟಿನ ತುಂಡುಗಳನ್ನೂ ನಟ್ಟುಗಳನ್ನೂ ಕಟ್ಟೆಯ ಮೇಲೆ ಇಟ್ಟು ಕಪ್ಪು ಭಾಗ ಯಾವುದು, ಹೊಳೆಯುವ ಭಾಗ ಯಾವುದು, ಸವೆದ ಮೂಲೆ ಏನು ಹೇಳುತ್ತದೆ ಎಂದು ತೋರಿಸಿದೆ.

ಅವನು ನಂಬಲಿಲ್ಲ. “ಸಾಬ್ರ, ನಿನ್ನಿ ಇಲ್ಲ ಅಂದ್ರಿ. ಇವತ್ತು ಬ್ಯಾರೆ ಹೇಳ್ತೀರಿ. ಇವನು ನಿಮಗ ಏನು ಹೇಳಿ ತಿರುಗಿಸ್ಯಾನ?”

ಈಗ ಸಂಶಯ ನನ್ನ ಮೇಲೆಯೇ ಬಂದಿತ್ತು. ಅದು ನ್ಯಾಯವೂ ಆಗಿತ್ತು.

“ಬೋಸಯ್ಯ, ನನಗ ನೆನಪಿರಲಿಲ್ಲ. ನೆನಪಿಲ್ಲ ಅನ್ನೋ ಬದಲಿ ಇಲ್ಲ ಅಂದ್ಬಿಟ್ಟೆ. ಇವನು ಬಂದಿದ್ದ. ನಾನು ಮುಖ ನೋಡಲಾರದ ಕಳಿಸಿದೆ. ಅವತ್ತು ಹತ್ತು ನಿಮಿಷ ಬಿಗಿ ಮಾಡಿದ್ರ ಈ ಬೋಲ್ಟು ಮುರೀತಿರಲಿಲ್ಲ. ಚೀಟಿ ಬೇಕಂದ್ರ ನನ್ನ ಹೆಸರಿಗೆ ಬರಕೊಡ್ತೀನಿ, ಸ್ಟೇಷನ್ನಿಗೆ ಒಯ್ಯಿ.”

ಆಗ ಓಬಮ್ಮ ಬಾಯಿ ತೆರೆದಳು.

“ಖಾದರಣ್ಣಾ, ಐನೂರು ಕಿಲೋಮೀಟರಿಗೆ ಬಾ ಅಂತ ನೀನು ಇವರಿಗೆ ಹೇಳಿದ್ದಿ. ನಾನಾ ಕೇಳೀನಿ. ನಾಲ್ಕು ಸಲ ನೆನಪು ಮಾಡಿದೆ, ಇವರು ಹೋಗಲಿಲ್ಲ. ಮೈದುನ ಒಬ್ಬನಾ ಹೋಗ್ಯಾನ. ಅವನ್ನಾ ಜೈಲಿಗೆ ಹಾಕ್ರಿ.”

ಬೋಸಯ್ಯ ತಲೆಯ ರುಮಾಲು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು ಕುಳಿತುಬಿಟ್ಟ. ತಮ್ಮನ ಹತ್ತಿರ ಕ್ಷಮೆ ಕೇಳಲಿಲ್ಲ. “ಉಂಡೀಯೇನಲೇ?” ಎಂದ ಅಷ್ಟೇ. ಪಾಲಯ್ಯ ಇಲ್ಲ ಎಂದ. ಒಳಗೆ ಬಂದು ಉಣ್ಣು ಎಂಬಂತೆ ಓಬಮ್ಮ ಎಡಗೈಯಲ್ಲಿ ಬಾಗಿಲ ಕಡೆ ತೋರಿಸಿದಳು.

ಆ ವಾರವೇ ಹೊಸ ಸೆಂಟರ್ ಬೋಲ್ಟ್, ಹಿಂದಿನ ಎರಡೂ ಚಕ್ರಗಳಿಗೆ ಸೇರಿ ನಾಲ್ಕು ಹೊಸ ಯು-ಬೋಲ್ಟ್ ಹಾಕಿ, ಆಕ್ಸಲ್ಲನ್ನು ಅದರ ಜಾಗಕ್ಕೆ ಕೂರಿಸಿ, ಅಳತೆ ನೋಡಿ ಬಿಗಿ ಮಾಡಿಕೊಟ್ಟೆ. ತಿಂಗಳಾಗುತ್ತಲೇ ಮತ್ತೆ ಬಿಗಿ ಮಾಡಿಸಲು ಅಣ್ಣತಮ್ಮ ಇಬ್ಬರೂ ಬಂದರು. ಕುರಿ ಹಿಂಡು ಮುಂದೆ ಪಾಲಾಯಿತು, ಮನಸ್ತಾಪ ಪೂರ್ತಿ ಹೋಯಿತೆಂದು ಹೇಳಲಾರೆ. ಆದರೆ ದೂರು ದಾಖಲಾಗಲಿಲ್ಲ. ಅಣ್ಣನ ಬಾಯಿಂದ ‘ಕೊಯ್ದಾನ’ ಎಂಬ ಮಾತು ಮತ್ತೆ ಬರಲಿಲ್ಲ.

ಮುರಿದ ಲೋಹವನ್ನು ಓದುವುದು ಕಸುಬು ಕಲಿಸುತ್ತದೆ, ಅದೇನು ದೊಡ್ಡದಲ್ಲ. ನನಗೆ ಕಷ್ಟಪಟ್ಟು ಕಲಿಯಬೇಕಾದದ್ದು ಬೇರೆ. ಯಾರಾದರೂ ಬಂದು ‘ಹೀಗಾಗಿತ್ತೇನ್ರಿ’ ಎಂದು ಕೇಳಿದರೆ ‘ಇಲ್ಲ’ ಎನ್ನುವ ಮೊದಲು, ನನಗೆ ನಿಜವಾಗಿ ಗೊತ್ತೋ ಅಥವಾ ನೆನಪಿಲ್ಲವೋ ಎಂದು ನನ್ನನ್ನೇ ಕೇಳಿಕೊಳ್ಳುತ್ತೇನೆ. ನನ್ನ ಒಂದು ‘ಇಲ್ಲ’ದಿಂದ ಒಬ್ಬ ಮನುಷ್ಯ ತನ್ನ ಊರಿನಲ್ಲಿ ಇನ್ನೂ ಒಂದು ದಿನ ಕೊಲೆಗಡುಕನಂತೆ ಬದುಕಬೇಕಾಯಿತು.